ಆರುನೂರು ಸುತ್ತು

ಸರ್ವಮಂಗಳಾ ಟೀಚರ್ ಮನೆ ಹಿಂದೆ ಮಂಡಕ್ಕಿ ಭಟ್ಟಿ.
ಅವರ ಕಂಪ್ಯೂಟರಿನ ಹೊಟ್ಟೆ ಬಿಚ್ಚಿದರೆ
ಹೊಟ್ಟು ಸುಟ್ಟ ಬೂದಿ, ಬೆಕ್ಕಿನ ಮೈಯಷ್ಟು ಮೆತ್ತಗೆ.
ಫ್ಯಾನಿನ ಏಳು ರೆಕ್ಕೆಗೂ ಒಂದೊಂದು ಬೂದು ಅಂಗಿ.

"ಇದರ ಬಾಯಿ ಮುಚ್ಚಿಸು ದಾದಾಪೀರ್,
ನಾನು ಓದಿದ್ದಕ್ಕೆಲ್ಲಾ ಗುಂಯ್ ಅಂತ ಹೂಂಗುಡ್ತೈತೆ."

ಕಣ್ಣು ಕಾಣದ ಹುಡುಗರಿಗೆ
ಆರು ವರ್ಷದಿಂದ ಪಾಠ ಓದಿ ತುಂಬಿಸುತ್ತಾರೆ:
ಸಂಧಿ, ಸಮಾಸ, ಮಣ್ಣಿನ ವಿಧಗಳು, ತ್ರಿಕೋನ.
(ತ್ರಿಕೋನವನ್ನು ಬಾಯಲ್ಲಿ ಹೇಗೆ ಬರೆಯುತ್ತಾರೋ, ನನಗಿನ್ನೂ ತಿಳಿದಿಲ್ಲ.)
ಮೈಕು ದಡ್ಡ. ಅದಕ್ಕೆ ಟೀಚರೂ ಒಂದೇ, ಫ್ಯಾನೂ ಒಂದೇ.
ದಾವಣಗೆರೆಯ ಏಪ್ರಿಲ್‌ನಲ್ಲಿ ಫ್ಯಾನ್ ಕಿತ್ತಿಡುವ ಹಾಗೂ ಇಲ್ಲ,
ಎರಡನೇ ಪುಟಕ್ಕೇ ಯಂತ್ರ ಕಾದು ಕಣ್ಣು ಮುಚ್ಚುತ್ತದೆ.

ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿ ಮಗ್ಗದ ಸಾಲಿಗಿದ್ದ.
ಮಿಲ್ಲು ಮುಚ್ಚಿ ಎಷ್ಟೋ ವರ್ಷ ಆದಮೇಲೂ
ಊಟಕ್ಕೆ ಕೂತು "ನೀರು" ಅಂದರೆ
ಪಕ್ಕದ ಮನೆಯವರು ತಂದುಕೊಡುತ್ತಿದ್ದರು.
ಸದ್ದಿನ ವಿಚಾರ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಅಂಗಡಿಗೆ ಬಂದವರಿಗೆ ಹೇಳುವುದು ಇಷ್ಟೇ:
ಸಣ್ಣ ಫ್ಯಾನು ಸಣ್ಣ ಆಫೀಸರ್ ಇದ್ದ ಹಾಗೆ,
ಗಾಳಿ ಗೇಣು, ಗದ್ದಲ ಮಾರು.
ದೊಡ್ಡದು ಹಾಕಿ. ಮೆಲ್ಲಗೆ ತಿರುಗಲು ಬಿಡಿ.
ರೆಕ್ಕೆ ಅಗಲ ಇದ್ದವರಿಗೆ ಅವಸರ ಯಾಕೆ?
ಬೇಕಾದಷ್ಟು ಗಾಳಿ ಬಂದು ಹೋಗುತ್ತದೆ,
ಮದುವೆ ಮನೆಯಲ್ಲಿ ಎಂಜಲೆಲೆ ಎತ್ತುವವರ ಹಾಗೆ,
ಯಾರ ಕಣ್ಣಿಗೂ ಬೀಳದೆ.

ನೂರನಲವತ್ತು ಮಿಲಿಮೀಟರಿನವು ಎರಡು ತರಿಸಿದೆ.
ಎಳೆಯಲು ಮುಂದೊಂದು, ತಳ್ಳಲು ಹಿಂದೊಂದು.
ಬೇರಿಂಗಿನೊಳಗೆ ಎಣ್ಣೆಯ ಪೊರೆ.
ಸ್ಕ್ರೂ ಬದಲು ರಬ್ಬರಿನ ಮೊಳೆ, ನಡುಕ ಡಬ್ಬಿಗೆ ದಾಟಬಾರದು.
ಬೂದಿಗೆ ಅಡ್ಡವಾಗಿ ಒಂದು ಜಾಲರಿ,
ಟೀಚರ್ ಹಳೇ ನೈಲಾನ್ ಸೀರೆಯದ್ದು. ಬಿಲ್ಲಿಗೆ ಸೇರಿಸಿಲ್ಲ.
ನಿಮಿಷಕ್ಕೆ ಆರುನೂರು ಸುತ್ತು, ಮೇಲೆ ಹೋಗದ ಹಾಗೆ ಕಟ್ಟಿದೆ.

"ಶುರು ಮಾಡಪ್ಪ" ಅಂದರು.
"ಶುರುವಾಗಿದೆ ಟೀಚರ್."
ನಂಬಲಿಲ್ಲ. ಸೆರಗಿನ ತುದಿ ಹಿಡಿದು ಹಿಂದೆ ಒಡ್ಡಿದರು.
ಸೆರಗು ಎದ್ದಿತು.

ಆಮೇಲೆ ಕೋಣೆಯಲ್ಲಿದ್ದವರೆಲ್ಲ ಒಬ್ಬೊಬ್ಬರೇ ಬಾಯಿ ಬಿಟ್ಟರು:
ಗೋಡೆ ಗಡಿಯಾರ.
ಹಿತ್ತಿಲ ಆಚೆ, ಕಾದ ಮರಳಲ್ಲಿ ಅಕ್ಕಿ ಅರಳುವ ಚಟಪಟ.
ಟೀಚರ್ ಉಸಿರು, ಒಳಗೊಂದು ಸಣ್ಣ ಶಿಳ್ಳೆ ಇಟ್ಟುಕೊಂಡ ಉಸಿರು.
ಅದನ್ನು ನಾನೂ ಕೇಳಿರಲಿಲ್ಲ, ಅವರೂ ಕೇಳಿರಲಿಲ್ಲ.
ಇಬ್ಬರೂ ಸುಮ್ಮನೆ ಜಾಲರಿ ನೋಡಿದೆವು.

ಮೂರು ವಾರಕ್ಕೆ ಹಾಸ್ಟೆಲಿನಿಂದ ಫೋನು.
ಜಗಳೂರಿನ ಕಡೆ ಹುಡುಗ, ತಿಪ್ಪೇಶಿ, ಹತ್ತನೇ ಕ್ಲಾಸು.
"ಮೇಡಂ, ಮೊದ್ಲು ನಿಮ್ ಹಿಂದೆ ಒಂದು ಗುಂಯ್ ಇರ್ತಿತ್ತು.
ನೀವು ಹಾಳೆ ತಿರುವಾಗ, ನೀರು ಕುಡಿಯಾಗ
ಅದು ಹಂಗೇ ಇರ್ತಿತ್ತು, ಮೇಡಂ ಅಲ್ಲೇ ಕುಂತಾರೆ ಅಂತ ಗೊತ್ತಾಗ್ತಿತ್ತು.
ಈಗ ನಿಲ್ಸಿದ್ರೆ ಪೂರ್ತಿ ಖಾಲಿ.
ಪಾಠ ಮುಗೀತೋ, ಫೋನ್ ಸತ್ತೋತೋ, ನೀವೇ ಎದ್ದು ಹೋದ್ರೋ."

ಇನ್ನು ಮುನ್ನೂರು ಸುತ್ತು ಏರಿಸಲಾ ಅಂದೆ.
ಹಳೇದು ಇನ್ನೂ ನನ್ನ ಗುಜರಿ ಡಬ್ಬದಲ್ಲಿದೆ, ತೊಳೆದು ತರಲಾ ಅಂದೆ.
ಬೇಡ ಅಂದರು. ಮೈಕನ್ನು ನಾಲ್ಕು ಬೆರಳು ಹತ್ತಿರ ಎಳೆದುಕೊಂಡರು.

ಮುಂದಿನ ಪಾಠ ಕಪ್ಪು ಮಣ್ಣು, ಹತ್ತಿ ಬೆಳೆ.
ಹಾಳೆ ತಿರುವುವ ಹೊತ್ತಿಗೆಲ್ಲ ಅದೇ ಶಿಳ್ಳೆ, ಒಳಗೆ, ಹೊರಗೆ.
ನಾನು ಕತ್ತರಿಸದೆ ಬಿಟ್ಟೆ.

ತಿಪ್ಪೇಶಿ ಮತ್ತೆ ಫೋನ್ ಮಾಡಿದ.
"ಈಗ ಗೊತ್ತಾಗ್ತೈತೆ ಮೇಡಂ, ನೀವು ಇದೀರಿ ಅಂತ.
ಆದ್ರೆ ಡಾಕ್ಟ್ರಿಗೆ ತೋರಿಸ್ರಿ."

ಟೀಚರ್ ನಕ್ಕರು, ನಗು ಕೆಮ್ಮಾಯಿತು.
ನಾನು ಟೇಪು ತೆಗೆದು ಹಿತ್ತಿಲ ಕಿಟಕಿ ಅಳೆದೆ.
ಮೂರಡಿ, ನಾಲ್ಕಡಿ.
ಸೀರೆ ಇನ್ನೂ ಬೇಕಾದಷ್ಟು ಉಳಿದಿತ್ತು.